ಶಾರದಾ ಮೇಡಂ ಕಾರಿನ ಐಡ್ಲಿಂಗ್

ನನ್ನ ಕಾರು ಓಡುವಾಗ ಯಾವ ತಕರಾರೂ ಮಾಡುತ್ತಿರಲಿಲ್ಲ. ನಿಲ್ಲಿಸಿದಾಗಲೇ ಅದಕ್ಕೆ ಸಂಕಟ. ಸಿಗ್ನಲ್ ಕೆಂಪಾಗಿ, ನಾನು ಕ್ಲಚ್ ತುಳಿದು ಆಕ್ಸಿಲರೇಟರ್ ಮೇಲಿನ ಕಾಲು ತೆಗೆದ ತಕ್ಷಣ ಇಂಜಿನ್ನು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗತೊಡಗುತ್ತಿತ್ತು. ಸ್ಟೇರಿಂಗ್ ನಡುಗುತ್ತಿತ್ತು, ಕನ್ನಡಿ ನಡುಗುತ್ತಿತ್ತು, ಕನ್ನಡಿಯೊಳಗೆ ಹಿಂದಿನ ಆಟೋದವನ ಮುಖವೂ ನಡುಗುತ್ತಿತ್ತು. ಆಮೇಲೆ ಒಂದು ಬಿಕ್ಕು, ಅಷ್ಟೇ, ಇಂಜಿನ್ ಆಫ್. ಸರಿಯಾಗಿ ಅದೇ ಹೊತ್ತಿಗೆ ಹಸಿರು ದೀಪ ಬರುತ್ತಿತ್ತು.

ವಿಶಾಖಪಟ್ಟಣದ ಜನ ತುಂಬ ಒಳ್ಳೆಯವರು. ದಾರಿ ಕೇಳಿದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಆದರೆ ಆಸೀಲ್‌ಮೆಟ್ಟ ಜಂಕ್ಷನ್ನಿನಲ್ಲಿ ಹಸಿರು ದೀಪ ಬಂದ ಮೇಲೂ ಮುಂದಿನ ಕಾರು ಕದಲದಿದ್ದರೆ ಆ ಒಳ್ಳೆಯತನವೆಲ್ಲ ಹಾರ್ನಿನೊಳಗೆ ಹೋಗಿ ಸೇರಿಕೊಳ್ಳುತ್ತದೆ. ಕಾರಿನಲ್ಲಿ ಕೂತಿರುವುದು ಹೆಂಗಸು, ಅದರಲ್ಲೂ ತಲೆ ನರೆತವಳು ಅಂತ ಗೊತ್ತಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಉಪದೇಶವನ್ನೂ ಮಾಡುತ್ತಾರೆ. ನನಗೆ ತೆಲುಗು ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ನಾನು ಶಾರದಾ, ತಿಪಟೂರಿನವಳು. ಬ್ಯಾಂಕಿನಲ್ಲಿ ಅಧಿಕಾರಿ. ಮದುವೆಯ ಗೊಡವೆಗೆ ಹೋಗಲಿಲ್ಲ, ಅದರ ಬಗ್ಗೆ ಯಾರಾದರೂ ಅನುಕಂಪ ತೋರಿಸಿದರೆ ನನಗೆ ಕೋಪ ಬರುತ್ತದೆ. ದ್ವಾರಕಾ ನಗರದ ನಮ್ಮ ಕಚೇರಿಯಲ್ಲಿ ನನಗೆ ಇನ್‌ಸ್ಪೆಕ್ಷನ್ ವಿಭಾಗ; ಅಂದರೆ ಸುತ್ತಮುತ್ತಲ ಶಾಖೆಗಳಿಗೆ ಹೋಗಿ ತಪ್ಪು ಹುಡುಕುವ ಕೆಲಸ. ನಾನು ಹೋದ ಕಡೆಯಲ್ಲೆಲ್ಲ ಕಾಫಿ ತರಿಸುತ್ತಾರೆ, ಸಂತೋಷ ಮಾತ್ರ ಯಾರಿಗೂ ಆಗುವುದಿಲ್ಲ. ಹಾಗೆ ಹೋಗುವುದಕ್ಕೆ ಇಷ್ಟು ವರ್ಷ ಯಾರದೋ ಜೀಪು, ಯಾರದೋ ಸ್ಕೂಟರಿನ ಹಿಂದಿನ ಸೀಟು. ಬೆಳಿಗ್ಗೆ ಯಾರನ್ನು ತರಾಟೆಗೆ ತೆಗೆದುಕೊಂಡೆನೋ ಸಂಜೆ ಅವರನ್ನೇ "ಬಸ್ ಸ್ಟ್ಯಾಂಡಿನವರೆಗೂ ಬಿಡ್ತೀರಾ" ಅಂತ ಕೇಳಬೇಕು. ನನಗೆ ಅದು ಸಾಕಾಗಿ ಹೋಗಿತ್ತು.

ಹೀಗಾಗಿ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ನೋಟು ರದ್ದಾದಾಗ ನಮ್ಮನ್ನೂ ಕೌಂಟರಿಗೆ ಕೂರಿಸಿದ್ದರಲ್ಲ, ಆಗ ಆಚೆ ಬದಿಯ ಜನರಿಂದ ಬೈಸಿಕೊಂಡವಳಿಗೆ ರಸ್ತೆಯ ಬೈಗುಳ ಯಾವ ಮಹಾ ಅನ್ನುವ ಧೈರ್ಯ. ನಿವೃತ್ತರಾಗುತ್ತಿದ್ದ ಸಹೋದ್ಯೋಗಿಯೊಬ್ಬರ ಹಳೆಯ ಬಿಳಿ ಮಾರುತಿಯನ್ನು ಕೊಂಡುಕೊಂಡೆ. ಕಾರ್ಬ್ಯುರೇಟರ್ ಇದ್ದ ಕಾಲದ್ದು. ಕಂಪ್ಯೂಟರು ಗಿಂಪ್ಯೂಟರು ಏನೂ ಇಲ್ಲ, ಬಾನೆಟ್ ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಒಬ್ಬಳೇ ಬೀಚ್ ರಸ್ತೆಯಲ್ಲಿ ಓಡಿಸಿಕೊಂಡು ಹೋದ ದಿನ ಸುಮ್ಮನೆ ನಗು ಬರುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಜೋರಾಗಿಯೇ ನಕ್ಕೆ.

ಆ ವರ್ಷದ ದೀಪಾವಳಿ ಮುಗಿಯುವ ಹೊತ್ತಿಗೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಡಿಸೆಂಬರಿನಲ್ಲಿ ಹೊರಡಬೇಕು. ನನ್ನ ತಮ್ಮ ಚಂದ್ರಮೌಳಿ ಅಲ್ಲಿಯವನೇ ಆಗಿಹೋಗಿದ್ದಾನೆ. ತೆಲುಗು ಹುಡುಗಿ ಮಾಧವೀಲತಾಳನ್ನು ಮದುವೆಯಾಗಿ ಪಟಮಟದಲ್ಲಿ ಮನೆ ಮಾಡಿಕೊಂಡಿದ್ದಾನೆ. ಅವನ ಮನೆಯ ಮೇಲಿನ ಭಾಗ ಖಾಲಿ ಇತ್ತು, ನಾನೂ ನನ್ನ ಜತೆಗಿರುವ ಅಮ್ಮನೂ ಅಲ್ಲಿಗೇ ಹೋಗುವುದು ಅಂತ ತೀರ್ಮಾನವಾಯಿತು. ನಾನು ಕಾರಿನಲ್ಲೇ ಬರುತ್ತೇನೆ ಅಂದೆ. ಮೌಳಿ ಫೋನಿನಲ್ಲೇ ಅಡ್ಡಿ ಮಾಡಿದ.

"ಅಕ್ಕ, ನಿನ್ ಕಾರು ಸಿಗ್ನಲ್ಲಲ್ಲೇ ಆಫ್ ಆಗುತ್ತೆ ಅಂತ ಅಮ್ಮ ಹೇಳಿದ್ಲು. ಇನ್ನು ಹೈವೇಲಿ ಟೋಲ್‌ಗೇಟಲ್ಲಿ ಹಿಂದಿಂದ ಲಾರಿ ಬರ್ತಾ ಇರುತ್ತೆ..."

"ರಿಪೇರಿ ಮಾಡಿಸ್ತೀನಿ ಕಣೋ."

"ಎಷ್ಟು ಸಲ ಮಾಡಿಸ್ತೀಯ? ಅನಕಾಪಲ್ಲೀಲಿ ನನಗೆ ಗೊತ್ತಿರೋ ಬೆಲ್ಲದ ವ್ಯಾಪಾರಿ ಇದಾನೆ, ರಮಾಕಾಂತ ಅಂತ. ಅವನಿಗೆ ಹಳೇ ಮಾರುತಿ ಬೇಕಂತೆ. ಕೊಟ್ಟು ರೈಲು ಹತ್ತು. ಇಲ್ಲಿ ನಾನಿದೀನಲ್ಲ, ಎಲ್ಲಿಗೆ ಬೇಕಾದ್ರೂ ಬಿಡ್ತೀನಿ."

ಅವನು ಪ್ರೀತಿಯಿಂದಲೇ ಹೇಳಿದ. ಆ 'ಬಿಡ್ತೀನಿ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ನ್ಯಾಯಸ್ಥೆ. ಹೊರಡುವ ದಿನದೊಳಗೆ ಕಾರು ಸರಿಹೋಗದಿದ್ದರೆ ಅನಕಾಪಲ್ಲಿಯಲ್ಲಿ ಕೀಲಿ ಕೊಟ್ಟುಬಿಡುತ್ತೇನೆ ಅಂತ ಒಪ್ಪಿಕೊಂಡೆ. ಒಪ್ಪಿಕೊಂಡು ಫೋನ್ ಇಟ್ಟ ಮೇಲೆ ಹೆದರಿಕೆಯಾಯಿತು. ಒಂದು ಸಲ ಕೈಬಿಟ್ಟರೆ ಈ ವಯಸ್ಸಿನಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯುವವಳಲ್ಲ ನಾನು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಮೆಕ್ಯಾನಿಕ್ ಗೋಪಾಲಕೃಷ್ಣ. ಮದ್ದಿಲಪಾಲೆಂನಲ್ಲಿ ಶೆಡ್ಡು. ಅವರ ತಾಯಿ ಬಳ್ಳಾರಿ ಕಡೆಯವರಂತೆ, ಹಾಗಾಗಿ ನನ್ನ ಜತೆ ಕನ್ನಡದಲ್ಲೇ ಮಾತು. ಅರ್ಧ ದಾರಿಯಲ್ಲಿ ಆ ಕನ್ನಡ ತೆಲುಗಿಗೆ ಹೊರಳಿಕೊಂಡುಬಿಡುತ್ತದೆ. ಒಳ್ಳೆಯ ಕೈ, ಒಳ್ಳೆಯ ಮನುಷ್ಯ. ಆದರೆ ಈ ಕಾಯಿಲೆಗೆ ಅವರ ಹತ್ತಿರ ಇದ್ದದ್ದು ಒಂದೇ ಮದ್ದು.

"ಏಂ ಲೇದು, ಏನಿಲ್ಲ ಮೇಡಂಗಾರು, ಐಡ್ಲಿಂಗ್ ಡೌನ್ ಆಗಿದೆ. ಎರಡು ನಿಮಿಷಂ."

ಕಾಲು ತೆಗೆದರೂ ಇಂಜಿನ್ ತನ್ನಷ್ಟಕ್ಕೆ ತಾನು ಗುನುಗುತ್ತ ಇರಬೇಕಲ್ಲ, ಅದಕ್ಕೆ ಐಡ್ಲಿಂಗ್ ಅನ್ನುತ್ತಾರೆ. ಅದನ್ನು ಏರಿಸಲು ಇಳಿಸಲು ಒಂದು ಸ್ಕ್ರೂ ಇದೆ. ನಾನು ಹೋದಾಗಲೆಲ್ಲ ಗೋಪಾಲಕೃಷ್ಣ ಅದನ್ನು ಒಂಚೂರು ತಿರುಗಿಸಿ ಏರಿಸುತ್ತಿದ್ದರು. ಕಾರು ಆರ್‌ಟಿಸಿ ಬಸ್ಸಿನ ಹಾಗೆ ಗುರುಗುಟ್ಟುತ್ತ ಹೊರಡುತ್ತಿತ್ತು. ಸ್ವಲ್ಪ ದಿನ ಆಗುವಷ್ಟರಲ್ಲಿ ಸಿರಿಪುರಂ ಏರಿನಲ್ಲಿ ಮತ್ತೆ ಅದೇ ನಡುಕ, ಅದೇ ಬಿಕ್ಕು. ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದಾಯಿತು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದಾಯಿತು. ಇನ್ನೊಂದು ದೊಡ್ಡ ಗ್ಯಾರೇಜಿಗೂ ಹೋಗಿ ಬಂದೆ. ಅಲ್ಲಿನ ಟೈ ಕಟ್ಟಿದ ಹುಡುಗ ಇಂಜಿನ್ನಿನ ಕಡೆ ನೋಡದೆ ನನ್ನ ಕಡೆ ನೋಡಿ "ಮೇಡಂ, ಹೊಸ ಮಾಡೆಲ್ ತೋರಿಸಲಾ" ಅಂದ. ಅವನಿಗೆ ನಾನು ಏನು ಹೇಳಿದೆ ಅನ್ನುವುದು ಇಲ್ಲಿ ಬೇಡ.

ಹೊರಡುವುದಕ್ಕೆ ಒಂದು ವಾರ ಉಳಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು, ನನ್ನದೇ ಕಾರಿನ ತಪ್ಪನ್ನು ಕಂಡವರಿಗೆ ಬಿಟ್ಟು ಕೂತಿದ್ದೇನಲ್ಲ! ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ. ಏನು ಕೆಟ್ಟಿದೆ ಅಂತ ಕೇಳಬಾರದು. ಕೇಳಿದರೆ ಎಲ್ಲರೂ ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಕೊನೆಯ ಸಲ ಯಾವಾಗ ಸರಿಯಿತ್ತು ಅಂತ ಕೇಳಬೇಕು. ಅಲ್ಲಿಂದೀಚೆಗೆ ಯಾರು ಬಂದರು, ಯಾರು ಏನು ಮುಟ್ಟಿದರು ಅಂತ ನೋಡುತ್ತ ಬರಬೇಕು.

ನಾನು ಸೋಫಾದ ಮೇಲೆ ಕಾಲು ಚಾಚಿ ಯೋಚಿಸಿದೆ. ಕಾರು ಮೊದಲ ಸಲ ಆಫ್ ಆದದ್ದು ವಿಜಯದಶಮಿಯ ಮರುದಿನ. ಅದಕ್ಕೆ ಹಿಂದೆ, ಆಯುಧಪೂಜೆಯ ಹಿಂದಿನ ಸಂಜೆ, ಗೋಪಾಲಕೃಷ್ಣರ ಶೆಡ್ಡಿಗೆ ತೊಳೆಯಲು ಬಿಟ್ಟುಬರುವಾಗ ಬಂಗಾರದಂತಿತ್ತು. ನಡುವೆ ಇದ್ದದ್ದು ಪೂಜೆಯ ದಿನ. ಆ ಬೆಳಿಗ್ಗೆ ನಾನು ಕಚೇರಿಯಲ್ಲಿ ಕಂಪ್ಯೂಟರುಗಳಿಗೆ ಮಂಗಳಾರತಿ ಎತ್ತುತ್ತಿದ್ದೆ. ಗೋಪಾಲಕೃಷ್ಣ ಕಾರನ್ನು ಮನೆಗೆ ತಂದು ಬಿಟ್ಟಿದ್ದರು, ಅಮ್ಮ ಪೂಜೆ ಮಾಡಿದ್ದಳು. ನಾನು ಬರುವ ಹೊತ್ತಿಗೆ ಬಾನೆಟ್ಟಿನ ಮೇಲೆ ಕುಂಕುಮ, ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲ ಕಡೆ ಇರುವ ಹಾಗೇ ಇತ್ತು. ಅದರಲ್ಲಿ ಕೆಡುವಂಥದ್ದೇನು ಅಂತ ಹೊಳೆಯಲಿಲ್ಲ. ಆದರೂ ಶನಿವಾರ ಮಧ್ಯಾಹ್ನ ಕಾರು ತೆಗೆದುಕೊಂಡು ಶೆಡ್ಡಿಗೆ ಹೋದೆ.

"ಗೋಪಾಲಕೃಷ್ಣಗಾರು, ಇವತ್ತು ಸ್ಕ್ರೂ ಮುಟ್ಟಬೇಡಿ. ಬಾನೆಟ್ ತೆಗೆದು ಒಂದೊಂದೇ ತೋರಿಸ್ತಾ ಬನ್ನಿ."

ಅವರು ತೋರಿಸಿದರು. ಬ್ಯಾಟರಿ, ರೇಡಿಯೇಟರು, ಪ್ಲಗ್ಗಿನ ವೈರುಗಳು. ನಡುವೆ ಬಾಣಲೆಯಷ್ಟು ಅಗಲದ ಒಂದು ಕಪ್ಪು ಡಬ್ಬ ಇತ್ತು, ಅದನ್ನು ಮಾತ್ರ ಬಿಟ್ಟು ಆಚೆ ದಾಟಿದರು. ಶಾಖೆಗಳಲ್ಲಿ ಮ್ಯಾನೇಜರುಗಳು ಒಂದು ಬೀರುವನ್ನು ಮಾತ್ರ ಹೀಗೆ ದಾಟಿಸಿಕೊಂಡು ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಇದೇನು?"

"ಅದು ಏರ್ ಫಿಲ್ಟರ್ ಮೇಡಂಗಾರು. ಕೆಳಗೆ ಕಾರ್ಬ್ಯುರೇಟರ್ ಇರುತ್ತೆ. ಅದು ಬಾಗುಂದಿ, ಚೆನ್ನಾಗಿದೆ."

"ತೆಗೀರಿ."

ಅವರು ಬಗ್ಗಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ಕೈ ತೊಳೆದುಕೊಂಡು ಬಂದರು. ಏರ್ ಫಿಲ್ಟರ್ ತೆಗೆಯುವುದಕ್ಕೆ ಚಪ್ಪಲಿ ಬಿಚ್ಚುವುದು ಯಾವ ಊರಿನ ಪದ್ಧತಿ ಅಂತ ನಾನು ಕೇಳುವಷ್ಟರಲ್ಲಿ ಕ್ಲಿಪ್ಪುಗಳನ್ನು ಎಬ್ಬಿಸಿ ಮುಚ್ಚಳ ತೆಗೆದು, ಒಳಗಿನ ಫಿಲ್ಟರನ್ನೂ ಎತ್ತಿದರು.

ಒಳಗೆ ದೇವರ ಮನೆ. ಕಾರ್ಬ್ಯುರೇಟರಿನ ದುಂಡು ಬಾಯಿಯ ಸುತ್ತ ಅರಿಸಿನವನ್ನು ನೀರಿನಲ್ಲಿ ಕಲೆಸಿ ದಪ್ಪಗೆ ಬಳಿದಿತ್ತು. ಅದರ ಮೇಲೆ ಸಾಲಾಗಿ ಕುಂಕುಮದ ಬೊಟ್ಟುಗಳು. ಅಂಚಿನಲ್ಲಿ ಒಣಗಿ ಹುಡಿಯಾದ ಸೇವಂತಿಗೆ ಎಸಳು, ಎರಡು ಮೂರು ಅಕ್ಷತೆ ಕಾಳು. ಗೋಪಾಲಕೃಷ್ಣ ಕಣ್ಣು ಮುಚ್ಚಿ ಕೈ ಮುಗಿದರು.

"ಇದು ಯಾರ ಕೆಲಸ?"

"ಮಾಮ್ಮಗಾರು, ನಿಮ್ಮ ಅಮ್ಮ, ಪೂಜೆ ಮಾಡಿದ್ದು ಕದಾ. ನಾನು ಕಾರು ತಂದು ಬಿಟ್ಟಾಗ ಕೇಳಿದ್ರು, 'ಇದು ಉಸಿರು ತಗೊಳ್ಳೋ ಬಾಯಿ ಯಾವುದಪ್ಪಾ' ಅಂತ. ನಾನೇ ತೆಗೆದು ತೋರಿಸಿದೆ."

"ಆಮೇಲೆ ನೀವು ಇದನ್ನ ತೆಗೆದು ನೋಡಲೇ ಇಲ್ವಾ?"

"ಪ್ರತಿ ಸಲ ನೋಡ್ತೀನಿ ಮೇಡಂಗಾರು. ದಂಡಂ ಪೆಟ್ಟಿ, ಕೈ ಮುಗಿದು ಮುಚ್ಚಿಬಿಡ್ತೀನಿ."

"ಒರೆಸಬಾರದಾಗಿತ್ತಾ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಯ್ಯೋ, ದೊಡ್ಡವರು ಕೈಯಾರೆ ಇಟ್ಟ ಕುಂಕುಮಂ. ಪೂಜೆ ಮಾಡಿದವರು ತೆಗೀಬೇಕು. ನಾನು ಗ್ರೀಸ್ ಕೈಯಲ್ಲಿ ಒರೆಸಿದ್ರೆ ತಪ್ಪು ಅಲ್ಲವಾ? ಮುಂದಿನ ದಸರಾಕ್ಕೆ ಅವರೇ ತೆಗೀತಾರೆ ಅನುಕೊಂಡೆ. ಅಲ್ಲಿವರೆಗೂ ಸ್ಕ್ರೂ ಏರಿಸ್ತಾ ಮ್ಯಾನೇಜ್ ಮಾಡೋಣ ಅಂತ."

ನಾನು ಬಗ್ಗಿ ನೋಡಿದೆ. ಆ ಬಾಯಿಯ ಅಂಚಿನಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರಗಳಿರುತ್ತವೆ. ಕಾಲು ತೆಗೆದಾಗ ದೊಡ್ಡ ಬಾಗಿಲು ಮುಚ್ಚಿಕೊಂಡು, ಇಂಜಿನ್ನಿಗೆ ಬೇಕಾದ ಚೂರು ಗಾಳಿ ಹೋಗುವುದು ಅಂಥ ಕಿರಿದಾದ ದಾರಿಗಳಲ್ಲೇ. ಕಾಣುತ್ತಿದ್ದ ರಂಧ್ರಗಳಲ್ಲಿ ಒಂದು ಚೊಕ್ಕವಾಗಿತ್ತು. ಇನ್ನೊಂದರಲ್ಲಿ ಅರಿಸಿನ ಮೆತ್ತಿಕೊಂಡು ಗಟ್ಟಿಯಾಗಿತ್ತು. ನಾನು ಬೆರಳಿನಿಂದ ತೋರಿಸಿದೆ, ಗೋಪಾಲಕೃಷ್ಣ ತಲೆಯಾಡಿಸಿದರು. ಇಬ್ಬರಿಗೂ ಗೊತ್ತಾಯಿತು. ಅವರಿಗೆ ಮೊದಲೇ ಗೊತ್ತಿತ್ತು ಅನ್ನಿ.

ನಾನು ಬೈದೆ. ಶೆಡ್ಡಿನ ತಗಡು ಅದುರುವಷ್ಟು ಬೈದೆ. ಅವರು ಬರಿಗಾಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ಸರೇ ಮೇಡಂಗಾರು, ಈಗ ಮಾಮ್ಮಗಾರನ್ನ ಕರ್ಕೊಂಡು ಬನ್ನಿ" ಅಂದರು. ಅಮ್ಮ ಬಾರದೆ ಅವರು ಮುಟ್ಟುವುದಿಲ್ಲ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ನಾನೇ ಬಟ್ಟೆ ತೆಗೆದುಕೊಂಡು ಒರೆಸಿಬಿಡಬಹುದಿತ್ತು. ಕೈ ಮುಂದೆ ಹೋಯಿತು, ಬೊಟ್ಟುಗಳನ್ನು ನೋಡಿ ಹಿಂದಕ್ಕೆ ಬಂತು. ಬೈದದ್ದೆಲ್ಲ ಆಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು.

ಮನೆಗೆ ಆಟೋದಲ್ಲಿ ಹೋದೆ. ಅಮ್ಮ ಅಡುಗೆಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು. ಅಮ್ಮನ ಹೆಸರು ಕಮಲಾಕ್ಷಿ, ಎಂಬತ್ತರ ಹತ್ತಿರ. ಅವಳಿಗೆ ನನ್ನ ಮುಖ ನೋಡಿದರೆ ಸಾಕು, ಬೈಗುಳ ಬರುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

"ಕಾರಿನ ಒಳಗಡೆ ಯಾಕಮ್ಮ ಅರಿಸಿನ ಹಚ್ಚಿದೆ? ಹೊರಗಡೆ ಜಾಗ ಇರ್ಲಿಲ್ವಾ?"

"ಯಂತ್ರಕ್ಕೆ ಹೊರಗಡೆ ಹಚ್ಚಿದ್ರೆ ಏನು ಬಂತು? ಅದಕ್ಕೆ ಮುಖ ಎಲ್ಲಿರುತ್ತೆ, ಬಾಯಿ ಇರುತ್ತೆ. ನಿಮ್ಮಪ್ಪ ಎಣ್ಣೆ ಮಿಲ್ಲಲ್ಲಿ ಆಯುಧಪೂಜೆ ಮಾಡ್ತಿದ್ದಾಗ ಕೊಬ್ರಿ ಸುರಿಯೋ ಬಾಯಿಗೇ ಹಚ್ಚೋರು. ಮೊದಲು ಅಲ್ಲಿಗೆ, ಆಮೇಲೆ ಮಿಕ್ಕಿದ್ದು."

"ಅದು ಕೊಬ್ರಿ ತಿನ್ನೋ ಬಾಯಿ. ಇದು ಗಾಳಿ ತಿನ್ನೋದು. ನೀನು ಅದರ ಮೂಗಿಗೆ ಅರಿಸಿನ ತುರುಕಿದ್ದಕ್ಕೇ ಇಷ್ಟು ದಿನ ನಾನು ರಸ್ತೇಲೆಲ್ಲ ಉಗಿಸಿಕೊಂಡಿದ್ದು!"

ಅಮ್ಮ ಕಿವುಚುವುದನ್ನು ನಿಲ್ಲಿಸಿದಳು. "ಅಂದ್ರೆ ನನ್ನಿಂದ್ಲೇ ಕೆಟ್ಟಿದ್ದಾ?"

ನಾನು ಹೌದು ಅಂದೆ. ಅನ್ನಬಾರದಿತ್ತು.

"ಉದುರಿ ಹೋಗಬಾರದು ಅಂತ ದಪ್ಪಗೆ ಹಚ್ಚಿದೆ ಕಣೆ," ಅಂದಳು ಅಮ್ಮ, ಪಾತ್ರೆಯ ಕಡೆಗೇ ನೋಡುತ್ತ. "ನೀನು ಕಾರು ತಗೊಂಡು ಹೋದ ದಿನ ನಾನು ಒಳಗೆ ಕೂತ್ಕೊಳ್ಳೋದೇ ಇಲ್ಲ. ನೀನು ಬರೋವರೆಗೂ ಬಾಲ್ಕನೀಲಿ ನಿಂತಿರ್ತೀನಿ. ನಿನ್ನ ಕಾರು ತಿರುವಲ್ಲಿ ಕಂಡ್ ತಕ್ಷಣ ಒಳಗೆ ಬಂದು ಟೀವಿ ಹಾಕ್ತೀನಿ, ನಿನಗೆ ಗೊತ್ತಾಗಬಾರದು ಅಂತ. ನಿನಗೇನೂ ಆಗದೇ ಇರ್ಲಿ ಅಂತ ಬೇಡ್ಕೊಂಡು ಹಚ್ಚಿದೆ."

ನಾನು ಮನೆಗೆ ಬಂದಾಗಲೆಲ್ಲ ಅಮ್ಮ ಟೀವಿ ಮುಂದೆ ಆರಾಮವಾಗಿ ಕೂತಿರುತ್ತಿದ್ದಳು. ನನ್ನ ಡ್ರೈವಿಂಗ್ ಬಗ್ಗೆ ಅವಳಿಗೆ ಚಿಂತೆಯೇ ಇಲ್ಲ ಅಂತ ಹೆಮ್ಮೆಪಟ್ಟುಕೊಂಡು ಕಚೇರಿಯಲ್ಲೆಲ್ಲ ಹೇಳಿಕೊಂಡಿದ್ದೆ. ಮೂಲೆಮೂಲೆಯ ತಪ್ಪನ್ನು ಹುಡುಕುವ ನನಗೆ ಮನೆಯೊಳಗೆ ಇದು ಕಾಣಲಿಲ್ಲ. ಕೋಪವೂ ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನೂ ತೋರಿಸದೆ, "ಸೀರೆ ಬದಲಾಯಿಸ್ಕೋ, ಹೋಗೋಣ" ಅಂದೆ.

ಶೆಡ್ಡಿನಲ್ಲಿ ಗೋಪಾಲಕೃಷ್ಣ ನೆಲ ಗುಡಿಸಿ ನೀರು ಚಿಮುಕಿಸಿ, ಒಂದು ಸ್ಟೂಲಿನ ಮೇಲೆ ಶುಭ್ರವಾದ ಬಟ್ಟೆ ಹಾಸಿಟ್ಟಿದ್ದರು. ಅಮ್ಮ ಇಂಜಿನ್ನಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

"ಉದ್ವಾಸನೆ ಮಾಡಬೇಕು, ದೇವರನ್ನ ಕಳಿಸಿಕೊಡಬೇಕು. ಉತ್ತರಕ್ಕೆ ಸ್ವಲ್ಪ ಕದಲಿಸಬೇಕು."

"ಕಾರನ್ನಾ?" ಅಂದೆ ನಾನು.

"ಎಲ್ಲಿಗೆ ಹಚ್ಚಿದೀನೋ ಅದನ್ನ."

ಗೋಪಾಲಕೃಷ್ಣ ಹಿಂದೆ ಮುಂದೆ ನೋಡಲಿಲ್ಲ. "ಹೇಗೂ ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡಬೇಕು ಕದಾ" ಅನ್ನುತ್ತ ನಟ್ಟುಗಳನ್ನು ಬಿಚ್ಚತೊಡಗಿದರು. ಉತ್ತರ ಯಾವ ಕಡೆ ಅನ್ನುವುದರ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಹೈವೇ ಶ್ರೀಕಾಕುಳಂ ಕಡೆಗೆ ಹೋಗುತ್ತದಲ್ಲ, ಆ ದಿಕ್ಕು ಅಂತ ತೀರ್ಮಾನವಾಯಿತು. ಅಮ್ಮ ಬಾಯಲ್ಲಿ ಏನೋ ಹೇಳಿಕೊಂಡು ಚೀಲದಿಂದ ಅಕ್ಷತೆ ತೆಗೆದಳು. ನಾನು ಓಡಿಬಂದು ಕಾರ್ಬ್ಯುರೇಟರಿನ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಅಕ್ಷತೆ ನನ್ನ ಕೈಮೇಲೆ ಬಿತ್ತು.

"ನಿನಗೇ ಬಿತ್ತಲ್ಲ, ಒಳ್ಳೇದೇ ಆಯ್ತು," ಅಂದಳು ಅಮ್ಮ.

ಮೊದಲು ಅವಳೇ ಒದ್ದೆ ಬಟ್ಟೆಯಿಂದ ಅರಿಸಿನ ಕುಂಕುಮ ಒರೆಸಿದಳು. ಒರೆಸಿದ ಬಟ್ಟೆಯನ್ನು ತುಳಸಿಯ ಬುಡಕ್ಕೆ ಹಿಂಡಬೇಕು ಅಂತ ಮಡಚಿಟ್ಟುಕೊಂಡಳು. ಆಮೇಲೆ ಗೋಪಾಲಕೃಷ್ಣ ಧೈರ್ಯವಾಗಿ ಕೈ ಹಾಕಿದರು. ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆದು, ಪೆಟ್ರೋಲ್ ಹಾಯುವ ಸಣ್ಣ ಜೆಟ್ಟುಗಳನ್ನು ಬಿಚ್ಚಿ, ಒಂದೊಂದು ರಂಧ್ರಕ್ಕೂ ಪೈಪಿನಿಂದ ಗಾಳಿ ಹೊಡೆದರು. ಹಳದಿ ನೀರು ಚಿಮ್ಮಿ ಬಂದಾಗ ಅಮ್ಮ ಮುಖ ಆ ಕಡೆ ತಿರುಗಿಸಿದಳು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಕಾರು ಹೋ ಎಂದು ಅರಚಿತು. ಇಷ್ಟು ದಿನ ಏರಿಸಿ ಏರಿಸಿ ಇಟ್ಟ ಸ್ಕ್ರೂ ಅಲ್ಲವೇ. ಗೋಪಾಲಕೃಷ್ಣ ಅದನ್ನು ಇಳಿಸುತ್ತ ಬಂದರು. ನಾನು ಈಗ ಆಫ್ ಆಗುತ್ತದೆ, ಈಗ ಆಫ್ ಆಗುತ್ತದೆ ಅಂತ ಉಸಿರು ಹಿಡಿದು ನಿಂತಿದ್ದೆ. ಸದ್ದು ಇಳಿದು, ಇನ್ನೂ ಇಳಿದು, ಕೊನೆಗೆ ಒಂದೇ ಸಮನಾದ ಗುನುಗಿಗೆ ಬಂದು ನಿಂತಿತು. ಅವರು ತಮ್ಮ ಟೀ ಲೋಟವನ್ನು ತಂದು ಕಪ್ಪು ಡಬ್ಬದ ಮೇಲೆ ಇಟ್ಟರು. ಟೀ ಅಲುಗಲಿಲ್ಲ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಇನ್‌ಸ್ಪೆಕ್ಷನ್ ವಿಭಾಗದವಳಾದ್ದರಿಂದ "ಪರವಾಗಿಲ್ಲ" ಅಂದೆ.

ಸಂಜೆ ಮೌಳಿಗೆ ಫೋನ್ ಮಾಡಿ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ, "ಸರಿ ಅಕ್ಕ, ನಿನ್ನಿಷ್ಟ. ಆದ್ರೆ ಅಮ್ಮನ್ನ ಮಾತ್ರ ಕಾರಲ್ಲಿ ಕರ್ಕೊಂಡು ಬರಬೇಡ. ಅವಳಿಗೆ ಬುಕ್ ಮಾಡಿರೋ ರೈಲು ಟಿಕೆಟ್ ಕ್ಯಾನ್ಸಲ್ ಮಾಡಲ್ಲ" ಅಂದ. ರಮಾಕಾಂತನಿಗೂ ಬೇಡ ಅಂತ ಹೇಳಲಿಲ್ಲವಂತೆ, ದಾರಿಯಲ್ಲಿ ಏನಾದರೂ ಆದರೆ ಇರಲಿ ಅಂತ. ನನ್ನ ಕಾರು ಸರಿಹೋಗಿತ್ತು, ನನ್ನ ಮೇಲಿನ ನಂಬಿಕೆಯನ್ನು ರಿಪೇರಿ ಮಾಡುವ ಶೆಡ್ಡು ಮಾತ್ರ ಎಲ್ಲೂ ಇರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. "ನಾನು ರೈಲಲ್ಲೇ ಬರ್ತೀನಿ ಬಿಡು, ನಿನಗ್ಯಾಕೆ ತೊಂದರೆ" ಅಂದಳು. ಅವಳ ಬಾಲ್ಕನಿ ಈಗ ರೈಲಿನ ಕಿಟಕಿಗೆ ವರ್ಗವಾಗುತ್ತದೆ ಅಷ್ಟೇ ಅಂದುಕೊಂಡು ನಾನು ಒತ್ತಾಯ ಮಾಡಲಿಲ್ಲ.

ಹೊರಡುವ ದಿನ ಸಾಮಾನೆಲ್ಲ ಲಾರಿಯಲ್ಲಿ ಮೊದಲೇ ಹೋಗಿತ್ತು. ಅಮ್ಮನನ್ನು ಮಧ್ಯಾಹ್ನದ ರೈಲಿಗೆ ಹತ್ತಿಸಲು ನನ್ನ ಸಹೋದ್ಯೋಗಿ ರಾಜ್ಯಶ್ರೀ ಒಪ್ಪಿಕೊಂಡಿದ್ದರು, ಅವರೂ ಅದೇ ರೈಲಿಗೆ ಹೊರಟವರು. ಬೆಳಗಾಗುತ್ತಲೇ ನಾನು ಕೆಳಗಿಳಿದು ಕಾರು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲಿ ಅಂತ ಗಾಜು ಒರೆಸುತ್ತಿದ್ದೆ. ಅಮ್ಮ ಮೆಟ್ಟಿಲಿಳಿದು ಬಂದಳು. ಕಂಕುಳಲ್ಲಿ ಉಪ್ಪಿನಕಾಯಿ ಜಾಡಿ, ಕೈಯಲ್ಲಿ ಬಟ್ಟೆಯ ಚೀಲ. ಮುಂದಿನ ಬಾಗಿಲು ತೆಗೆದು ಕೂತಳು.

"ರಾಜ್ಯಶ್ರೀಗೆ ಫೋನ್ ಮಾಡಿ ಹೇಳಿದೀನಿ. ಟಿಕೆಟ್ ಹೋದ್ರೆ ಹೋಗ್ಲಿ."

"ಹೆದರಿಕೆ ಆಗಲ್ವಾ?"

"ಆಗುತ್ತೆ. ರೈಲಲ್ಲಿ ಕೂತ್ರೂ ಆಗುತ್ತೆ. ಆಗೋದಾದ್ರೆ ನಿನ್ನ ಪಕ್ಕದಲ್ಲೇ ಆಗ್ಲಿ. ಈ ಪಟ್ಟಿ ಹಾಕು, ನನಗೆ ಬರಲ್ಲ."

ನಾನು ಸೀಟ್ ಬೆಲ್ಟ್ ಹಾಕಿದೆ. ಅವಳ ಕೈ ತಣ್ಣಗಿತ್ತು.

ಎನ್‌ಎಡಿ ಜಂಕ್ಷನ್ ದಾಟುವವರೆಗೆ ಅಮ್ಮ ಜಾಡಿಯನ್ನು ಅಪ್ಪಿಕೊಂಡು, ಎದುರಿಗೆ ಬರುವ ಪ್ರತಿಯೊಂದು ಲಾರಿಯನ್ನೂ "ಲಾರಿ" ಅಂತ ನನಗೆ ತಿಳಿಸುತ್ತಿದ್ದಳು. ಗಾಜುವಾಕದಲ್ಲಿ ಬಸ್ಸು, ಎಮ್ಮೆ, ಸೈಕಲ್ಲನ್ನೂ ತಿಳಿಸಿದಳು. ಅನಕಾಪಲ್ಲಿಯ ಹತ್ತಿರ ರಸ್ತೆ ಬದಿಯ ತನ್ನ ಬೆಲ್ಲದ ಅಂಗಡಿಯ ಮುಂದೆ ರಮಾಕಾಂತ ಕಾಯುತ್ತಿದ್ದ. ದಪ್ಪ ಮನುಷ್ಯ, ಅಂಗಿಯ ಜೇಬಿನ ತುಂಬ ಪೆನ್ನುಗಳು. ನಾನು ಇಂಜಿನ್ ಆಫ್ ಮಾಡದೆ ಇಳಿದು, ಕಾರು ಕೊಡುವುದಿಲ್ಲ, ನಿಮಗೆ ತೊಂದರೆ ಕೊಟ್ಟೆವು ಅಂತ ತೆಲುಗಿನಲ್ಲಿ ಹೇಳಿದೆ. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಕಿವಿಗೊಟ್ಟ. "ನಿಂತರೆ ಆಫ್ ಆಗುತ್ತೆ ಅಂದಿದ್ದರು?" ಅಂದ. ಆಗುತ್ತಿತ್ತು ಅಂದೆ. "ಈಗಂತೂ ನನಗೆ ಇದು ನಿಜವಾಗಲೂ ಬೇಕು" ಅಂದು ನಿಟ್ಟುಸಿರು ಬಿಟ್ಟ. ಅಮ್ಮ ಕಿಟಕಿಯಿಂದ ಕೈ ಹಾಕಿ ಅವನ ಹತ್ತಿರವೇ ಒಂದು ಅಚ್ಚು ಬೆಲ್ಲ ಕೊಂಡಳು.

ಆಮೇಲೆ ದಾರಿ ಚೆನ್ನಾಗಿ ಸಾಗಿತು. ಟೋಲ್‌ಗೇಟಿನ ಸಾಲುಗಳಲ್ಲಿ ಕಾರು ಗುನುಗುತ್ತ ನಿಂತಿತು. ಒಂದು ಕಡೆ ಗೇರ್ ತಪ್ಪಿಸಿ ನಾನೇ ಆಫ್ ಮಾಡಿಕೊಂಡೆ; ಹಿಂದಿನವನು ಹಾರ್ನ್ ಹೊಡೆದ, ಅಮ್ಮ ತಿರುಗಿ ಅವನನ್ನು ಅಚ್ಚ ತಿಪಟೂರು ಕನ್ನಡದಲ್ಲಿ ಬೈದಳು. ತುನಿಯ ಹತ್ತಿರ ಇಡ್ಲಿ, ಗೋದಾವರಿ ದಾಟಿದ ಮೇಲೆ ಮೊಸರನ್ನ. ಅಮ್ಮ ಲಾರಿಗಳನ್ನು ತಿಳಿಸುವುದನ್ನು ಮರೆತು, ಅಪ್ಪನ ಮಿಲ್ಲಿನ ಕಥೆ, ಮೌಳಿ ಚಿಕ್ಕವನಿದ್ದಾಗ ಬಾವಿಗೆ ಚಪ್ಪಲಿ ಹಾಕಿದ ಕಥೆ ಹೇಳುತ್ತಿದ್ದಳು.

ಏಲೂರು ದಾಟಿದ ಮೇಲೆ ಮಾತು ನಿಂತಿತು. ಏನು ತಪ್ಪು ಮಾಡಿದೆನೋ ಅಂತ ಪಕ್ಕಕ್ಕೆ ನೋಡಿದೆ. ಅಮ್ಮ ನಿದ್ದೆ ಹೋಗಿದ್ದಳು. ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ಒಂಚೂರು ತೆರೆದಿತ್ತು. ಬಸ್ಸಿರಲಿ, ರೈಲಿರಲಿ, ಮೌಳಿಯ ಹೊಸ ಕಾರೇ ಇರಲಿ, ಅಮ್ಮ ಪ್ರಯಾಣದಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಓಡಿಸುವವರು ಎಚ್ಚರ ತಪ್ಪಿದರೆ ಎಬ್ಬಿಸುವ ಕೆಲಸ ತನ್ನದು ಅನ್ನುವ ಹಾಗೆ ನೆಟ್ಟಗೆ ಕೂರುವವಳು ಅವಳು. ನನ್ನ ಕಣ್ಣು ಮಂಜಾಯಿತು. ಹೈವೇಯಲ್ಲಿ ಕಣ್ಣು ಮಂಜಾಗುವುದು ಒಳ್ಳೆಯದಲ್ಲ ಅಂತ ಸೆರಗಿನಿಂದ ಒರೆಸಿಕೊಂಡೆ.

ರಾಮವರಪ್ಪಾಡು ಬಳಿ ಕೆಂಪು ದೀಪ. ಎಡಕ್ಕೆ ಬಸ್ಸು, ಬಲಕ್ಕೆ ಆಟೋಗಳ ದಂಡು. ಅಭ್ಯಾಸದಿಂದ ಕಾಲು ಆಕ್ಸಿಲರೇಟರ್ ಮೇಲೆ ಹೋಯಿತು. ಅದನ್ನು ತೆಗೆದು ಕೆಳಗಿಟ್ಟೆ. ಇಂಜಿನ್ ಬಿಕ್ಕಲಿಲ್ಲ. ಅಮ್ಮ ಕದಲಲಿಲ್ಲ.

ಪಟಮಟದ ಮನೆ ತಲುಪಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಮೌಳಿ ಗೇಟಿನಲ್ಲೇ ನಿಂತಿದ್ದ. ಅಮ್ಮ ರೈಲು ಹತ್ತಲಿಲ್ಲ ಅಂತ ರಾಜ್ಯಶ್ರೀ ತಿಳಿಸಿರಬೇಕು, ಮುಖ ಊದಿಸಿಕೊಂಡಿದ್ದ. ನನ್ನ ಕಿಟಕಿಯ ಹತ್ತಿರ ಬಂದು ಕೈ ಚಾಚಿದ.

"ಇಳಿ ಅಕ್ಕ. ಗೇಟು ಇಕ್ಕಟ್ಟು, ನಾನು ಒಳಗೆ ಹಾಕ್ತೀನಿ."

ನಾನು ತುಟಿಯ ಮೇಲೆ ಬೆರಳಿಟ್ಟು ಪಕ್ಕದ ಸೀಟು ತೋರಿಸಿದೆ. ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಯಾವಾಗಿಂದ?" ಅಂದ, ಪಿಸುಮಾತಿನಲ್ಲಿ.

"ಏಲೂರಿಂದ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೋಗಿ ಗೇಟಿನ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದು, ಒಂದು ಪಕ್ಕಕ್ಕೆ ನಿಂತು, ಬಾ ಬಾ ಅಂತ ಸದ್ದಿಲ್ಲದೆ ಕೈ ಬೀಸಿದ. ನಾನು ನಿಧಾನವಾಗಿ ಕಾರನ್ನು ಒಳಗೆ ತಂದು ಮರದ ನೆರಳಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಸದ್ದು ನಿಂತರೆ ಅಮ್ಮನಿಗೆ ಎಚ್ಚರವಾದೀತು ಅಂತ, ಅವಳು ತಾನಾಗಿ ಏಳುವವರೆಗೆ ಇಂಜಿನ್ ಮಾತ್ರ ಆಫ್ ಮಾಡದೆ ಕೂತೆ.